ಒಂದೇ ಯೀಸ್ಟು, ಎರಡು ಲೆಕ್ಕ

ದ್ವಿತೀಯ ಪಿಯು ಜೀವವಿಜ್ಞಾನ ಪಠ್ಯದಲ್ಲಿ ಒಂದು ಮಾತು ಬರುತ್ತದೆ. ಆನುವಂಶಿಕ ಸಂಕೇತ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಬಹುಮಟ್ಟಿಗೆ ಒಂದೇ, ಮೈಟೊಕಾಂಡ್ರಿಯಾದಲ್ಲಿ ಮತ್ತು ಕೆಲವು ಏಕಕೋಶ ಜೀವಿಗಳಲ್ಲಿ ಮಾತ್ರ ಅಪವಾದಗಳುಂಟು ಎಂಬುದು ಅದರ ತಾತ್ಪರ್ಯ. ಕಲ್ಲೂರು, ಮಾನ್ವಿ, ದೇವದುರ್ಗದ ಕಡೆಯಿಂದ ಬಸ್ಸು ಹಿಡಿದು ರಾಯಚೂರಿನ ಕಾಲೇಜಿಗೆ ಬರುವ ವಿಜ್ಞಾನ ವಿದ್ಯಾರ್ಥಿಗೆ ಇದು ಸರಿ-ತಪ್ಪು ಗುರುತಿಸುವ ಒಂದು ಪ್ರಶ್ನೆಯಷ್ಟೆ. ನೀಟ್ ಪರೀಕ್ಷೆಗೆ ಅಪವಾದ ಉಂಟು ಎಂದು ನೆನಪಿಟ್ಟರೆ ಸಾಕು. ಯಾವ ಅಪವಾದ, ಅದು ಹೇಗೆ ಬಂತು, ಅದರಿಂದ ಯಾರಿಗೇನು ಎಂದು ಕೇಳುವವರಿಲ್ಲ. ಪಾಠ ಮಾಡುವವರಿಗೂ ಪೋರ್ಷನ್ ಮುಗಿಸುವ ಅವಸರ.

ಕೇಳಬೇಕಾದ ಪ್ರಶ್ನೆಗಳೇ ಅವು. ಬೇಕರಿಯ ಬನ್ನು ಉಬ್ಬಿಸುವ, ಈಚಲು ಮರದಿಂದ ಬೆಳಗಿನ ಜಾವ ಇಳಿಸಿದ ಸಿಹಿ ನೀರಾವನ್ನು ಹೊತ್ತೇರುವಷ್ಟರಲ್ಲಿ ಹುಳಿಸೇಂದಿ ಮಾಡುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಒಡಲಲ್ಲೇ ಈ ಅಪವಾದ ಕೂತಿದೆ. ಜೀವದ ನಿಯಮ ಎಂದು ನಾವು ಬಾಯಿಪಾಠ ಮಾಡುವುದು ನಿಜಕ್ಕೂ ನಿಯಮವೋ ಅಥವಾ ಬಹಳ ಹಳೆಯ ಒಪ್ಪಂದವೋ ಎಂಬುದನ್ನು ಅದು ಬಿಡಿಸಿ ಹೇಳುತ್ತದೆ.

ಮೊದಲು ಮೂಲ ಲೆಕ್ಕ. ಡಿಎನ್‌ಎಯಲ್ಲಿರುವ ಮಾಹಿತಿ ಆರ್‌ಎನ್‌ಎಗೆ ನಕಲಾಗುತ್ತದೆ. ಆರ್‌ಎನ್‌ಎಯಲ್ಲಿ ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರ. ಮೂರು ಮೂರು ಅಕ್ಷರಗಳ ಗುಂಪಿಗೆ ಕೋಡಾನ್ ಎಂದು ಹೆಸರು. ನಾಲ್ಕು ಅಕ್ಷರಗಳಿಂದ ಇಂಥ 64 ಕೋಡಾನ್ ಸಾಧ್ಯ. ಇವುಗಳಲ್ಲಿ 61 ಕೋಡಾನ್‌ಗಳು 20 ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ರೈಬೋಸೋಮು ಒಂದೊಂದೇ ಕೋಡಾನ್ ಓದುತ್ತ ಹೋದಂತೆ, ಟಿ-ಆರ್‌ಎನ್‌ಎ ಎಂಬ ಪುಟ್ಟ ಅಣುಗಳು ಆಯಾ ಕೋಡಾನ್‌ಗೆ ತಕ್ಕ ಅಮೈನೊ ಆಮ್ಲವನ್ನು ಹೊತ್ತು ತಂದು ಪೋಣಿಸುತ್ತವೆ. ಹೀಗೆ ಪ್ರೋಟೀನು ಸಿದ್ಧವಾಗುತ್ತದೆ.

ಯಾವ ಕೋಡಾನ್‌ಗೆ ಯಾವ ಅಮೈನೊ ಆಮ್ಲ ಎಂಬ ಪಟ್ಟಿ ಕೈಗೆ ಸಿಕ್ಕಿದ್ದು ಐದೇ ವರ್ಷಗಳಲ್ಲಿ. 1961ರಲ್ಲಿ ಮಾರ್ಷಲ್ ನೈರನ್‌ಬರ್ಗ್ ಮತ್ತು ಹೈನ್ರಿಚ್ ಮಥಾಯ್ ಬರೀ ‘ಯು’ ಅಕ್ಷರವೇ ಇರುವ ಆರ್‌ಎನ್‌ಎ ತಯಾರಿಸಿ ಹಾಕಿದಾಗ ಫಿನೈಲಲನಿನ್ ಮಾತ್ರ ಇರುವ ಸರಪಳಿ ಬಂತು. ಅವಿಭಜಿತ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ ತಮಗೆ ಬೇಕಾದ ಅನುಕ್ರಮದ ಆರ್‌ಎನ್‌ಎಗಳನ್ನು ರಾಸಾಯನಿಕವಾಗಿ ಕಟ್ಟಿ ಉಳಿದ ಕೋಡಾನ್‌ಗಳ ಅರ್ಥ ಬಿಡಿಸಲು ದಾರಿ ಮಾಡಿದರು. 1966ರ ಹೊತ್ತಿಗೆ 64ರ ಪಟ್ಟಿ ಪೂರ್ಣವಾಯಿತು. 1968ರ ನೊಬೆಲ್ ನೈರನ್‌ಬರ್ಗ್, ಖೊರಾನಾ ಇಬ್ಬರ ಜೊತೆಗೆ ರಾಬರ್ಟ್ ಹಾಲಿಗೂ ಸಂದಿತು. ಹಾಲಿಯ ಸಾಧನೆಯಲ್ಲಿ ಯೀಸ್ಟಿನ ಪಾಲೂ ಇದೆ. ಸುಮಾರು 140 ಕಿಲೊ ಬೇಕರಿ ಯೀಸ್ಟನ್ನು ಅರೆದು, ಸೋಸಿ, ಕೊನೆಗೆ 1 ಗ್ರಾಂ ಶುದ್ಧ ಟಿ-ಆರ್‌ಎನ್‌ಎ ಪಡೆದು, 1965ರಲ್ಲಿ ಅದರ ಅಕ್ಷರಕ್ಷರ ಓದಿ ಮುಗಿಸಿದವರು ಅವರು.

ಅದೇ 1968ರಲ್ಲಿ ಫ್ರಾನ್ಸಿಸ್ ಕ್ರಿಕ್ ಒಂದು ವಾದ ಮುಂದಿಟ್ಟರು. ಯಾವ ಕೋಡಾನ್‌ಗೆ ಯಾವ ಅಮೈನೊ ಆಮ್ಲ ಎಂಬುದು ಆದಿಯಲ್ಲಿ ಆಕಸ್ಮಿಕವಾಗಿ ಗೊತ್ತಾಗಿರಬಹುದು. ಒಮ್ಮೆ ಸಾವಿರಾರು ಪ್ರೋಟೀನುಗಳು ಆ ಪಟ್ಟಿಯನ್ನೇ ನಂಬಿ ಕೂತ ಮೇಲೆ ಒಂದು ಕೋಡಾನ್ ಬದಲಾದರೂ ಆ ಎಲ್ಲ ಪ್ರೋಟೀನುಗಳು ಒಟ್ಟಿಗೇ ಕೆಡುತ್ತವೆ, ಜೀವಿ ಉಳಿಯುವುದಿಲ್ಲ. ಹಾಗಾಗಿ ಪಟ್ಟಿ ಹೆಪ್ಪುಗಟ್ಟಿತು ಎಂಬುದು ಅವರ ತರ್ಕ. ಮುಂದಿನ ಹತ್ತು ವರ್ಷ ಪ್ರಯೋಗಾಲಯಗಳಲ್ಲಿ ಸಂಕೇತ ಸಾರ್ವತ್ರಿಕ ಎಂಬುದೇ ಪ್ರಶ್ನಾತೀತ ಮಾತಾಗಿತ್ತು.

1979ರಲ್ಲಿ ಅದಕ್ಕೆ ಪೆಟ್ಟು ಬಿತ್ತು. ಕೇಂಬ್ರಿಜ್‌ನಲ್ಲಿ ಬಾರ್ಟ್ ಬ್ಯಾರಲ್ ಮತ್ತು ಸಂಗಡಿಗರು ಮನುಷ್ಯನ ಮೈಟೊಕಾಂಡ್ರಿಯಾದ ಒಂದು ಜೀನನ್ನು ಓದಿ, ಹಸುವಿನಲ್ಲಿ ಮೊದಲೇ ಗೊತ್ತಿದ್ದ ಅದೇ ಪ್ರೋಟೀನಿನ ಜೊತೆ ಸಾಲುಸಾಲಾಗಿ ಹೋಲಿಸಿದರು. ‘ನಿಲ್ಲಿಸು’ ಎನ್ನಬೇಕಾದ ಯುಜಿಎ ಕೋಡಾನ್ ಇದ್ದ ಕಡೆ ಪ್ರೋಟೀನು ನಿಂತೇ ಇರಲಿಲ್ಲ, ಅಲ್ಲಿ ಟ್ರಿಪ್ಟೊಫಾನ್ ಕೂತಿತ್ತು. ಅದೇ ವರ್ಷ ಯೀಸ್ಟಿನಿಂದಲೂ ಇದೇ ಸುದ್ದಿ ಬಂತು. ಅಲೆಕ್ಸಾಂಡರ್ ಟ್ಸಗೊಲೊಫ್ ತಂಡ ಮತ್ತು ಥಾಮಸ್ ಫಾಕ್ಸ್ ಬೇರೆ ಬೇರೆಯಾಗಿ ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ ಯುಜಿಎ ಎಂದರೆ ಟ್ರಿಪ್ಟೊಫಾನ್ ಎಂದು ತೋರಿಸಿದರು. ಫಾಕ್ಸ್ ಓದಿದ ಒಂದೇ ಜೀನಿನ ಒಳಗೆ ಇಂಥ ಐದು ‘ನಿಲುಗಡೆ’ಗಳಿದ್ದವು. ಇನ್ನೂ ಮುಂದೆ ಹೋದ ಟ್ಸಗೊಲೊಫ್ ತಂಡ, ಸಿಯುಯಿಂದ ಆರಂಭವಾಗುವ ನಾಲ್ಕೂ ಕೋಡಾನ್‌ಗಳು ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ ಲ್ಯೂಸಿನ್ ಬದಲು ಥ್ರಿಯೊನಿನ್ ಸೂಚಿಸುತ್ತವೆ ಎಂಬುದನ್ನೂ ಕಂಡಿತು. ಮನುಷ್ಯನ ಮೈಟೊಕಾಂಡ್ರಿಯಾದಲ್ಲೂ ಇಲ್ಲದ ಬದಲಾವಣೆ ಇದು.

ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಲು ನಾಲ್ಕು ಕೋಡಾನ್‌ಗಳ ಒಂದು ಸಾಲು ಸಾಕು: ಎಯುಜಿ, ಸಿಯುಎ, ಯುಜಿಎ, ಎಯುಎ. ಯೀಸ್ಟಿನ ಕೋಶಕೇಂದ್ರದಿಂದ ಹೊರಟ ಸಂದೇಶವಾದರೆ ಇದನ್ನು ಮಿಥಿಯೊನಿನ್, ಲ್ಯೂಸಿನ್, ನಿಲ್ಲಿಸು ಎಂದು ಓದಲಾಗುತ್ತದೆ. ನಾಲ್ಕನೆಯ ಕೋಡಾನ್‌ವರೆಗೆ ರೈಬೋಸೋಮು ಬರುವುದೇ ಇಲ್ಲ. ಅದೇ ಸಾಲು ಅದೇ ಯೀಸ್ಟಿನ ಮೈಟೊಕಾಂಡ್ರಿಯಾದೊಳಗೆ ಇದ್ದರೆ ಮಿಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫಾನ್, ಮತ್ತೆ ಮಿಥಿಯೊನಿನ್. ನಿಮ್ಮ ನನ್ನ ಮೈಟೊಕಾಂಡ್ರಿಯಾದಲ್ಲಾದರೆ ಎರಡನೆಯದು ಲ್ಯೂಸಿನ್ ಆಗಿಯೇ ಉಳಿಯುತ್ತದೆ, ಮಿಕ್ಕಿದ್ದು ಯೀಸ್ಟಿನ ಮೈಟೊಕಾಂಡ್ರಿಯಾದ ಹಾಗೆಯೇ. ಹನ್ನೆರಡು ಅಕ್ಷರದ ಒಂದೇ ಬರಹಕ್ಕೆ ಮೂರು ಓದು. ಲ್ಯೂಸಿನ್ ನೀರಿಗೆ ದೂರ, ಪ್ರೋಟೀನಿನ ಒಳಮಡಿಕೆಯಲ್ಲಿ ಅಡಗುವ ಜಾಯಮಾನದ್ದು. ಥ್ರಿಯೊನಿನ್‌ಗೆ ನೀರಿನ ಒಡನಾಟ ಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಪ್ರೋಟೀನಿನ ಆಕಾರವೇ ಕೆಡಬಹುದು.

ರಾಯಚೂರು ಸೀಮೆಯ ಹಿರಿಯರಿಗೆ ಇಂಥ ಎರಡು ಲೆಕ್ಕದ ಬದುಕು ಹೊಸದಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಚಲಾವಣೆಯಲ್ಲಿದ್ದದ್ದು ಹೈದರಾಬಾದಿನ ಹಾಲಿ ರೂಪಾಯಿ, ಗಡಿಯಾಚೆ ಬ್ರಿಟಿಷರ ಕಲ್ದಾರ್ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಎರಡೂ ರೂಪಾಯಿಯೇ, ಬೆಲೆ ಮಾತ್ರ ಬೇರೆ. ಸಂಸ್ಥಾನದೊಳಗಿನ ವ್ಯವಹಾರವೆಲ್ಲ ಹಾಲಿಯಲ್ಲೇ ನಡೆಯುವವರೆಗೆ ಯಾರಿಗೂ ತೊಂದರೆ ಇರಲಿಲ್ಲ, ಗಡಿ ದಾಟುವಾಗ ಮಾತ್ರ ಬದಲಿಸಿಕೊಳ್ಳಬೇಕಿತ್ತು. ಮೈಟೊಕಾಂಡ್ರಿಯಾದ ಕಥೆಯೂ ಇಷ್ಟೇ. ಅದರ ಒಳಗಿನ ಡಿಎನ್‌ಎ, ಒಳಗಿನ ರೈಬೋಸೋಮು, ಒಳಗಿನ ಟಿ-ಆರ್‌ಎನ್‌ಎ ಎಲ್ಲವೂ ತಮ್ಮದೇ ಲೆಕ್ಕದಲ್ಲಿ ನಡೆಯುತ್ತವೆ.

ಮೈಟೊಕಾಂಡ್ರಿಯಾಕ್ಕೆ ಸ್ವಂತ ಡಿಎನ್‌ಎ ಏಕೆ ಎಂಬುದಕ್ಕೆ ಉತ್ತರ ಬಹು ಹಿಂದಿನದು. ನೂರಾರು ಕೋಟಿ ವರ್ಷಗಳ ಹಿಂದೆ ಇನ್ನೊಂದು ಕೋಶದೊಳಗೆ ನೆಲೆಸಿದ ಸ್ವತಂತ್ರ ಬ್ಯಾಕ್ಟೀರಿಯಾದ ವಂಶವೇ ಇಂದಿನ ಮೈಟೊಕಾಂಡ್ರಿಯಾ. 1967ರಲ್ಲಿ ಲಿನ್ ಮಾರ್ಗುಲಿಸ್ ಈ ವಾದ ಮಂಡಿಸಿದಾಗ ನಂಬಿದವರು ಕಡಿಮೆ, ಈಗ ಅದು ಪಠ್ಯಪುಸ್ತಕದ ಪಾಠ. ಕಾಲಕ್ರಮೇಣ ಅದರ ಜೀನುಗಳು ಬಹುಪಾಲು ಕೋಶಕೇಂದ್ರಕ್ಕೆ ವರ್ಗವಾದವು. ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ ಈಗ ಉಳಿದಿರುವುದು ಸುಮಾರು 85,800 ಅಕ್ಷರಗಳ ಡಿಎನ್‌ಎ, ಅದರಲ್ಲಿ ಮುಖ್ಯವಾದ ಎಂಟು ಪ್ರೋಟೀನುಗಳ ಜೀನು. ಮನುಷ್ಯನಲ್ಲಿ 16,569 ಅಕ್ಷರ, 13 ಪ್ರೋಟೀನು. ಮೈಟೊಕಾಂಡ್ರಿಯಾಕ್ಕೆ ಬೇಕಾದ ಉಳಿದ ನೂರಾರು ಪ್ರೋಟೀನುಗಳು ಹೊರಗೆ ತಯಾರಾಗಿ ಒಳಗೆ ಸಾಗಬೇಕು. ಆ ಸಾಗಾಟ ಹೇಗೆ ನಡೆಯುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಡಿಸಿಲ್ವಾ ಅವರ ಪ್ರಯೋಗಾಲಯ ಇದೇ ಬೇಕರಿ ಯೀಸ್ಟಿನಲ್ಲಿ ಅಧ್ಯಯನ ಮಾಡುತ್ತದೆ.

ಮೈಟೊಕಾಂಡ್ರಿಯಾದ ಅಧ್ಯಯನಕ್ಕೆ ಯೀಸ್ಟೇ ಏಕೆ? ಆಮ್ಲಜನಕ ಬಳಸಿ ಉಸಿರಾಡುವ ಶಕ್ತಿ ಹೋದರೂ ಯೀಸ್ಟ್ ಸಾಯುವುದಿಲ್ಲ. ಸಕ್ಕರೆ ಸಿಕ್ಕರೆ ಹುದುಗಿಸಿಕೊಂಡು ಬದುಕುತ್ತದೆ. 1940ರ ದಶಕದ ಕೊನೆಗೆ ಪ್ಯಾರಿಸ್‌ನಲ್ಲಿ ಬೋರಿಸ್ ಎಫ್ರುಸಿ ಗಮನಿಸಿದ್ದು ಇದನ್ನೇ. ಸಕ್ಕರೆಯ ತಟ್ಟೆಯಲ್ಲಿ ಕೆಲವು ಯೀಸ್ಟ್ ಗುಂಪುಗಳು ಸಾಸಿವೆಯಷ್ಟೇ ಬೆಳೆದು ನಿಂತಿದ್ದವು. ಅವನ್ನು ಗ್ಲಿಸರಾಲ್ ತಟ್ಟೆಗೆ ಹಾಕಿದರೆ ಬೆಳೆಯಲೇ ಇಲ್ಲ. ಗ್ಲಿಸರಾಲ್ ಬಳಸಲು ಮೈಟೊಕಾಂಡ್ರಿಯಾ ಸುಸ್ಥಿತಿಯಲ್ಲಿರಬೇಕು, ಈ ಕುಳ್ಳ ಯೀಸ್ಟುಗಳಲ್ಲಿ ಅದು ಕೆಟ್ಟಿತ್ತು. ಮನುಷ್ಯನಲ್ಲಿ ಮಾಡಲಾಗದ ಎಷ್ಟೋ ಪರೀಕ್ಷೆಗಳಿಗೆ ಈ ಎರಡು ತಟ್ಟೆಗಳು ಬಾಗಿಲು ತೆರೆದವು.

ಈಗ ಮುಖ್ಯ ಪ್ರಶ್ನೆ. ಹೆಪ್ಪುಗಟ್ಟಿದ ಪಟ್ಟಿ ಇಲ್ಲಿ ಕರಗಿದ್ದು ಹೇಗೆ? ಯುಜಿಎ ಕಥೆ ಸರಳ. ಬ್ಯಾಕ್ಟೀರಿಯಾದಲ್ಲಿ ಯುಜಿಎ ಕಂಡೊಡನೆ ಪ್ರೋಟೀನನ್ನು ಬಿಡಿಸುವ ಪ್ರತ್ಯೇಕ ಅಣು ಒಂದಿದೆ. ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ ಅದಿಲ್ಲ. ನಿಲ್ಲಿಸುವವರಿಲ್ಲದ ಕೋಡಾನ್‌ಗೆ ಟ್ರಿಪ್ಟೊಫಾನ್‌ನ ಟಿ-ಆರ್‌ಎನ್‌ಎ ಒಡೆಯನಾಯಿತು.

ಸಿಯು ಕೋಡಾನ್‌ಗಳ ಕಥೆ ಇನ್ನೂ ಸ್ವಾರಸ್ಯದ್ದು. ಈ ಡಿಎನ್‌ಎಯಲ್ಲಿ ಎ ಮತ್ತು ಟಿ ಅಕ್ಷರಗಳೇ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು. ಲ್ಯೂಸಿನ್ ಬೇಕಾದಲ್ಲೆಲ್ಲ ಯುಯುಎ ಎಂಬ ಕೋಡಾನ್ ತುಂಬಿಕೊಂಡಿತು, ಸಿಯು ಕೋಡಾನ್‌ಗಳು ಅಪರೂಪವಾದವು. ಬಳಕೆ ತಪ್ಪಿದ್ದರಿಂದ ಅವನ್ನು ಓದುತ್ತಿದ್ದ ಲ್ಯೂಸಿನ್ ಟಿ-ಆರ್‌ಎನ್‌ಎ ಕಳೆದುಹೋದರೂ ಹಾನಿಯಾಗಲಿಲ್ಲ. ಖಾಲಿಯಾದ ಜಾಗಕ್ಕೆ ಬಂದದ್ದು ಹಿಸ್ಟಿಡಿನ್ ಟಿ-ಆರ್‌ಎನ್‌ಎಯ ಒಂದು ನಕಲು. ಅದು ಮಾರ್ಪಾಟಾಗುತ್ತ ಸಿಯು ಕೋಡಾನ್ ಓದುವುದನ್ನೂ ಥ್ರಿಯೊನಿನ್ ಹೊರುವುದನ್ನೂ ಕಲಿಯಿತು. ಈ ವಂಶಾವಳಿ 2011ರಲ್ಲಿ ಪ್ರಕಟವಾಯಿತು. ಸಾಮಾನ್ಯ ಟಿ-ಆರ್‌ಎನ್‌ಎಯ ಓದುವ ಕುಣಿಕೆಯಲ್ಲಿ ಏಳು ಅಕ್ಷರವಿದ್ದರೆ ಇದರಲ್ಲಿ ಎಂಟು. ಹುಟ್ಟಿನ ಗುರುತು ಇನ್ನೂ ಅಳಿಸಿಲ್ಲ.

ಬದಲಾವಣೆ ಅಲ್ಲಿಗೇ ನಿಂತಿಲ್ಲ. ಯೀಸ್ಟಿನ ಬಳಗದ್ದೇ ಆದ ಆಶ್ಬಿಯಾ ಗಾಸಿಪಿ ಎಂಬ ಶಿಲೀಂಧ್ರವಿದೆ. ಹತ್ತಿಕಾಯಿಯ ರೋಗಕಾರಕವಾಗಿ ಅದನ್ನು ಮೊದಲು ಗುರುತಿಸಿದರು, ಈಗ ವಿಟಮಿನ್ ಬಿ2 ತಯಾರಿಸಲು ಕಾರ್ಖಾನೆಗಳಲ್ಲಿ ಬೆಳೆಸುತ್ತಾರೆ. ಅದರ ಮೈಟೊಕಾಂಡ್ರಿಯಾದಲ್ಲಿ ಅದೇ ಥ್ರಿಯೊನಿನ್ ಟಿ-ಆರ್‌ಎನ್‌ಎ ಇನ್ನಷ್ಟು ಬದಲಾಗಿ ಅಲನಿನ್ ಹೊರುತ್ತದೆ. ಸಿಯುಯು, ಸಿಯುಎ ಎಂಬ ಕೋಡಾನ್‌ಗಳು ಅಲ್ಲಿ ಅಲನಿನ್ ಎಂದು 2014ರಲ್ಲಿ ಗೊತ್ತಾಯಿತು. ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿ ಕಂಡು ಬೆಳೆದ ವಿದ್ಯಾರ್ಥಿಗೆ ಸಂಕೇತದ ಅಪವಾದ ಹೇಳಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಹುಡುಕಬೇಕಿಲ್ಲ.

ಹಾಗಾದರೆ ಕ್ರಿಕ್ ತರ್ಕ ಸುಳ್ಳೇ? ಇಲ್ಲ, ಅದರ ತಿರುಳು ಸರಿಯಾಗಿಯೇ ಇದೆ. ಒಂದು ಕೋಡಾನ್ ಬದಲಾದರೆ ಎಷ್ಟು ಪ್ರೋಟೀನು ಕೆಡುತ್ತದೆ ಎಂಬುದರ ಮೇಲೆ ಬದಲಾವಣೆಯ ಬೆಲೆ ನಿಂತಿದೆ. ಯೀಸ್ಟಿನ ಕೋಶಕೇಂದ್ರದಲ್ಲಿ ಸುಮಾರು 6,000 ಪ್ರೋಟೀನುಗಳ ಜೀನಿದ್ದರೆ ಮೈಟೊಕಾಂಡ್ರಿಯಾದಲ್ಲಿ ಎಂಟು. ಅಲ್ಲಿ ಅಸಾಧ್ಯವೆನಿಸುವ ಬದಲಾವಣೆಗೆ ಇಲ್ಲಿ ಅವಕಾಶ ಸಿಗುತ್ತದೆ. ಹೆಪ್ಪು ಗಟ್ಟಿಯಾಗಿರುವುದು ಅವಲಂಬಿತರ ಸಂಖ್ಯೆಯಿಂದ.

ಆದರೂ ಕೋಶಕೇಂದ್ರದಲ್ಲಿ ಬದಲಾವಣೆ ಆಗಿಯೇ ಇಲ್ಲ ಎನ್ನುವಂತಿಲ್ಲ. 1989ರಲ್ಲಿ ಜಪಾನಿನ ಸಂಶೋಧಕರು ಕ್ಯಾಂಡಿಡಾ ಕುಲದ ಒಂದು ಯೀಸ್ಟಿನಲ್ಲಿ ಸಿಯುಜಿ ಕೋಡಾನ್ ಲ್ಯೂಸಿನ್ ಬದಲು ಸೆರಿನ್ ಸೂಚಿಸುತ್ತದೆ ಎಂದು ಕಂಡರು. ಬಾಯಲ್ಲಿ ಬಿಳಿ ಪೊರೆ ಕಟ್ಟಿಸುವ, ಆಸ್ಪತ್ರೆಯಲ್ಲಿ ನಿತ್ರಾಣಗೊಂಡ ರೋಗಿಗಳ ರಕ್ತಕ್ಕೂ ಇಳಿಯುವ ಕ್ಯಾಂಡಿಡಾ ಆಲ್ಬಿಕನ್ಸ್ ಕೂಡ ಇದೇ ಗುಂಪಿನದು. ಇದರಲ್ಲಿ ಸಿಯುಜಿ ಇರುವ ಕಡೆ ನೂರಕ್ಕೆ ಸುಮಾರು ಮೂರು ಸಲ ಈಗಲೂ ಲ್ಯೂಸಿನ್ ನುಸುಳುತ್ತದೆ. ಬದಲಾವಣೆ ಪೂರ್ತಿ ಮುಗಿದಿಲ್ಲ ಎಂಬಂತೆ ಎರಡು ಓದು ಒಟ್ಟಿಗೇ ನಡೆದಿವೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೌಸ್ತುವ್ ಸನ್ಯಾಲ್ ತಂಡ ಈ ಕ್ಯಾಂಡಿಡಾದ ವರ್ಣತಂತುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕೋಶದೊಳಗೆ ಒಂದು ಪ್ರೋಟೀನು ಎಲ್ಲಿದೆ ಎಂದು ನೋಡಲು ವಿಜ್ಞಾನಿಗಳು ಜೆಲ್ಲಿಮೀನಿನ ಹಸಿರು ಹೊಳಪಿನ ಪ್ರೋಟೀನನ್ನು ಅದಕ್ಕೆ ಅಂಟಿಸುತ್ತಾರೆ. ಆ ಜೀನಿನಲ್ಲಿ ಒಂದು ಸಿಯುಜಿ ಇದೆ. ಮೂಲ ಜೀನನ್ನು ಹಾಗೇ ಕ್ಯಾಂಡಿಡಾಕ್ಕೆ ಹಾಕಿದರೆ ಅಲ್ಲಿ ಸೆರಿನ್ ಕೂರುತ್ತದೆ. ಅದಕ್ಕೆಂದೇ ಆ ಕೋಡಾನ್ ತಿದ್ದಿದ ರೂಪವೊಂದನ್ನು 1997ರಲ್ಲಿ ತಯಾರಿಸಲಾಯಿತು. ಕ್ಯಾಂಡಿಡಾ ಪ್ರಯೋಗಾಲಯಗಳಲ್ಲಿ ಹೊರಗಿನ ಯಾವ ಜೀನು ತಂದರೂ ಮೊದಲು ಸಿಯುಜಿ ಎಲ್ಲಿದೆ ಎಂದು ನೋಡುವುದು ವಾಡಿಕೆ.

ಇದು ಪ್ರಯೋಗಾಲಯದವರ ತಲೆನೋವು ಮಾತ್ರವಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವ ತಯಾರಿಸಲು ಆರಂಭವಾದ ಬಯೋಕಾನ್ 2004ರಲ್ಲಿ ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಅದು ತಯಾರಾಗುವುದು ಪಿಕಿಯಾ ಎಂಬ ಯೀಸ್ಟಿನಲ್ಲಿ. ಅದಕ್ಕೂ ಮೊದಲು, 1997ರಲ್ಲಿ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಹೆಪಟೈಟಿಸ್-ಬಿ ಲಸಿಕೆಯನ್ನು ಇದೇ ಪಿಕಿಯಾದಲ್ಲಿ ತಯಾರಿಸಿ ಬೆಲೆ ಇಳಿಸಿತ್ತು. ಮನುಷ್ಯನ ಜೀನು ಯೀಸ್ಟಿನಲ್ಲಿ ಮನುಷ್ಯನ ಪ್ರೋಟೀನನ್ನೇ ಕೊಡುತ್ತದೆ ಎಂಬ ಭರವಸೆಗೆ ಆಧಾರ ಎರಡೂ ಕೋಶಕೇಂದ್ರಗಳ ಲೆಕ್ಕ ಒಂದೇ ಎಂಬುದು. ಇನ್ಸುಲಿನ್‌ನ 51 ಅಮೈನೊ ಆಮ್ಲಗಳಲ್ಲಿ ಆರು ಲ್ಯೂಸಿನ್. ಆ ಆರನ್ನೂ ಸಿಯುಜಿ ಎಂದು ಬರೆದ ಜೀನನ್ನು ಪಿಕಿಯಾಕ್ಕೆ ಹಾಕಿದರೆ ಇನ್ಸುಲಿನ್ ಬರುತ್ತದೆ. ಅದನ್ನೇ ಕ್ಯಾಂಡಿಡಾಕ್ಕೆ ಹಾಕಿದರೆ ಆರೂ ಕಡೆ ಬಹುತೇಕ ಸೆರಿನ್ ಇರುವ, ಇನ್ಸುಲಿನ್ ಎನ್ನಲಾಗದ ಸರಪಳಿ ಬರುತ್ತದೆ. ರಾಯಚೂರಿನ ಔಷಧ ಅಂಗಡಿಯಲ್ಲಿ ಇನ್ಸುಲಿನ್ ಕೊಳ್ಳುವವರಿಗೆ ಇದನ್ನು ತಿಳಿಯುವ ಅಗತ್ಯವಿಲ್ಲ, ಅದನ್ನು ತಯಾರಿಸುವವರು ತಿಳಿಯದೆ ನಡೆಯುವುದಿಲ್ಲ.

ಮೈಟೊಕಾಂಡ್ರಿಯಾದ ಗಡಿ ದಾಟುವಾಗಲೂ ಹೀಗೇ. 1980ರ ದಶಕದಲ್ಲಿ ಮೆಲ್ಬರ್ನ್‌ನಲ್ಲಿ ಫಿಲಿಪ್ ನ್ಯಾಗ್ಲಿ ತಂಡ ಯೀಸ್ಟಿನ ಮೈಟೊಕಾಂಡ್ರಿಯಾದ ಒಂದು ಜೀನನ್ನು ಕೋಶಕೇಂದ್ರದ ಲೆಕ್ಕಕ್ಕೆ ತಿದ್ದಿ ಬರೆದು, ಪ್ರೋಟೀನನ್ನು ಹೊರಗೆ ತಯಾರಿಸಿ ಒಳಗೆ ಕಳಿಸಿತು. ಜೀನು ಕೆಟ್ಟಿದ್ದ ಯೀಸ್ಟ್ ಮತ್ತೆ ಉಸಿರಾಡಿತು. 1996ರಲ್ಲಿ ಕಾರ್ನೆಲ್‌ನಲ್ಲಿ ಫಾಕ್ಸ್ ತಂಡ ತಿರುಗುಮುರುಗಾಗಿ, ಕೋಶಕೇಂದ್ರದ ಜೀನೊಂದನ್ನು ಮೈಟೊಕಾಂಡ್ರಿಯಾದ ಲೆಕ್ಕಕ್ಕೆ ಬರೆದು ಒಳಗೆ ಸೇರಿಸಿತು. ಅಲ್ಲೂ ಅದು ಕೆಲಸ ಮಾಡಿತು.

ಈ ಯೀಸ್ಟ್ ಪ್ರಯೋಗಗಳ ಫಲ ಈಗ ಕಣ್ಣಿನ ಚಿಕಿತ್ಸೆಯವರೆಗೆ ಬಂದಿದೆ. ತಾಯಿಯಿಂದ ಬರುವ ಲೀಬರ್ ಎಂಬ ಮೈಟೊಕಾಂಡ್ರಿಯಾ ಕಾಯಿಲೆ ಹರೆಯದವರ ದೃಷ್ಟಿಯನ್ನು ಕೆಲವೇ ವಾರ-ತಿಂಗಳುಗಳಲ್ಲಿ ಕಸಿಯುತ್ತದೆ. ಕೆಟ್ಟಿರುವ ಜೀನಿನ ಸರಿಯಾದ ಪ್ರತಿಯನ್ನು ವೈರಸ್ ಮೂಲಕ ಕಣ್ಣಿನ ಕೋಶಗಳ ಕೇಂದ್ರಕ್ಕೆ ತಲುಪಿಸುವ ಚಿಕಿತ್ಸೆ ಮನುಷ್ಯರ ಮೇಲೆ ಪ್ರಯೋಗವಾಗಿದೆ. ಆ ಪ್ರತಿಯಲ್ಲಿ ಯುಜಿಎ ಇದ್ದ ಕಡೆಗಳನ್ನೆಲ್ಲ ಯುಜಿಜಿ ಎಂದು ತಿದ್ದಬೇಕು. ಒಂದು ಉಳಿದರೂ ಪ್ರೋಟೀನು ಅರ್ಧಕ್ಕೆ ನಿಲ್ಲುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆಯಬೇಕು. ಸಂಕೇತ ಎಲ್ಲೆಡೆ ಒಂದೇ ಅಲ್ಲ ಎಂದಮೇಲೆ ಎಲ್ಲ ಜೀವಿಗಳಿಗೆ ಮೂಲ ಒಂದೇ ಎಂಬ ಮಾತು ಬಿದ್ದುಹೋಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ ಬದಲಾದವು ಸಿಯು ಗುಂಪಿನ ನಾಲ್ಕು, ಯುಜಿಎ, ಎಯುಎ, ಒಟ್ಟು ಆರು. ಉಳಿದ 58 ಹಳೆಯ ಪಟ್ಟಿಯಂತೆಯೇ ಇವೆ. ಬೇರೆ ಮೂಲದಿಂದ ಬಂದ ಪಟ್ಟಿಯಾಗಿದ್ದರೆ 64ರಲ್ಲಿ 58 ಹೊಂದುತ್ತಿರಲಿಲ್ಲ. ಇವೆಲ್ಲ ಒಂದೇ ಪಟ್ಟಿಗೆ ಅಲ್ಲಲ್ಲಿ ಹಾಕಿದ ತಿದ್ದುಪಡಿ. ತಿದ್ದಿದ್ದು ಯಾವ ಟಿ-ಆರ್‌ಎನ್‌ಎ, ಅದು ಯಾರ ನಕಲು ಎಂಬುದನ್ನೂ ಈಗ ಹೆಸರು ಹಿಡಿದು ಹೇಳಬಹುದು. ಅಪವಾದ ಇಲ್ಲಿ ವಿಕಾಸವಾದಕ್ಕೆ ಸಾಕ್ಷಿ ನುಡಿಯುತ್ತದೆ.

ಇಂದು ಜೀನುಗಳ ಅಂತರರಾಷ್ಟ್ರೀಯ ದತ್ತಾಂಶ ಕೋಶದಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಸಂಕೇತ ಪಟ್ಟಿಗಳಿವೆ. ಒಂದನೆಯದು ಪಿಯು ಪುಸ್ತಕದ ಪಟ್ಟಿ, ಎರಡನೆಯದು ಕಶೇರುಕಗಳ ಮೈಟೊಕಾಂಡ್ರಿಯಾದ್ದು, ಮೂರನೆಯದು ಯೀಸ್ಟಿನ ಮೈಟೊಕಾಂಡ್ರಿಯಾದ್ದು, ಹನ್ನೆರಡನೆಯದು ಕ್ಯಾಂಡಿಡಾದ್ದು. ಮೊಬೈಲಿನಲ್ಲೇ ತೆರೆದು ನೋಡಬಹುದು, ದುಡ್ಡು ಕೊಡಬೇಕಿಲ್ಲ. ಕಲ್ಲೂರು-ಮಾನ್ವಿ-ದೇವದುರ್ಗ-ರಾಯಚೂರಿನ ಪಿಯು ಉಪನ್ಯಾಸಕರಲ್ಲಿ ಒಂದು ಮನವಿ: ಈ ಪಾಠ ಬಂದಾಗ ಬೋರ್ಡಿನ ಮೇಲೆ ಮೊದಲ ಪಟ್ಟಿಯ ಪಕ್ಕ ಮೂರನೆಯದನ್ನೂ ಬರೆಯಿರಿ. ಮೇಲೆ ಹೇಳಿದ ನಾಲ್ಕು ಕೋಡಾನ್‌ಗಳ ಸಾಲನ್ನು ಎರಡರಲ್ಲೂ ಓದಿಸಿ, ವ್ಯತ್ಯಾಸಕ್ಕೆ ಕಾರಣ ಕೇಳಿ. ಹತ್ತು ನಿಮಿಷದ ಕೆಲಸ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬಾರದಿರಬಹುದು, ಆದರೆ ನಿಯಮ ಹೇಗೆ ಹುಟ್ಟುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ಕೇಳಲು ಕಲಿತ ವಿದ್ಯಾರ್ಥಿಗೆ ಮುಂದಿನ ವಿಜ್ಞಾನ ಕಷ್ಟವಾಗುವುದಿಲ್ಲ.